ಕೈಕೆಳಗೆ ನಾಲ್ಕು ಜನ ಇದ್ದಾಗ: ಕ್ರೈಸ್ತ ವಿಶ್ವಾಸದಿಂದ ತಂಡ ನಡೆಸುವ ಬಗೆ

ಮೇಜಿನ ಮೇಲೆ ಬೈಬಲ್ ವಾಕ್ಯದ ಕಾರ್ಡು, ಇಮೇಲಿನ ಕೊನೆಗೊಂದು ವಚನ, ಮೀಟಿಂಗಿಗೆ ಮುಂಚೆ ಪ್ರಾರ್ಥನೆ. ವಿಶ್ವಾಸವನ್ನು ಕೆಲಸದ ಜಾಗಕ್ಕೂ ತರಬೇಕು ಅನ್ನಿಸಿದಾಗ ಹೆಚ್ಚಿನವರು ಕೈಹಾಕುವುದು ಇವಕ್ಕೇ. ಇಲ್ಲಿಂದ ಶುರು ಮಾಡಬೇಡಿ. ಕೈಕೆಳಗಿನವರಿಗೆ ನಿಮ್ಮ ವಿಶ್ವಾಸ ಕಾಣುವುದು ನಿಮ್ಮ ಅಧಿಕಾರ ಅವರಿಗೆ ತಾಗುವ ಕಡೆಗಳಲ್ಲಿ: ಸಂಬಳ, ರಜೆ, ರೇಟಿಂಗ್, ಬಡ್ತಿ, ಗದರಿಕೆ, ಕೆಲಸದಿಂದ ತೆಗೆಯುವುದು. ಜನಾಂಗಗಳನ್ನು ಆಳುವವರು ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು ಎಂದು ಯೇಸು ಹೇಳಿದ್ದು (ಮಾರ್ಕ 10:42–45) ಇಬ್ಬರು ಶಿಷ್ಯರು ಎಡಬಲದ ಪೀಠ ಕೇಳಿ, ಉಳಿದ ಹತ್ತು ಮಂದಿ ಅವರ ಮೇಲೆ ಸಿಟ್ಟಾದಾಗ. ಆ ಬೋಧನೆ ಹುಟ್ಟಿದ್ದೇ ಪದವಿಯ ಜಗಳದಲ್ಲಿ.

ಬಾಕಿಯನ್ನು ಮೊದಲು ತೀರಿಸಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಸಹಿ, ನಿಮ್ಮ ಒಪ್ಪಿಗೆ ಅಥವಾ ನಿಮ್ಮ ಉತ್ತರಕ್ಕಾಗಿ ಇವತ್ತು ಯಾರು ಯಾರು ಕಾಯುತ್ತಿದ್ದಾರೆ ಎಂದು ಬರೆಯಿರಿ. ಓವರ್‌ಟೈಮ್ ಹಣ, ಪ್ರಯಾಣದ ಖರ್ಚು, ರಜೆಯ ಅರ್ಜಿ, ಅನುಭವ ಪತ್ರ, ಸಣ್ಣ ಗುತ್ತಿಗೆದಾರನ ಬಿಲ್ಲು ಎಲ್ಲವೂ ಬರಲಿ. ಹೆಸರಿನ ಪಕ್ಕದಲ್ಲಿ ಅದು ಎಷ್ಟು ದಿನದಿಂದ ನಿಂತಿದೆ ಎಂದು ಹಾಕಿ. ತಂಡ ನಡೆಸುವವರಲ್ಲಿ ಈ ಪಟ್ಟಿ ಖಾಲಿ ಇರುವವರು ಕಡಿಮೆ.

ಕೂಲಿಯವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮುಂಚೆ ಕೊಡಬೇಕು ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡ (24:15). ಕಾರಣವನ್ನೂ ಅಲ್ಲೇ ಹೇಳಿದೆ: ಅವನು ಬಡವ, ಅದನ್ನೇ ನೆಚ್ಚಿಕೊಂಡಿರುತ್ತಾನೆ. ಹಿಡಿದಿಟ್ಟುಕೊಂಡ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ (5:4) ಇನ್ನೂ ಖಾರವಾಗಿ ಹೇಳುತ್ತದೆ. ಇದನ್ನು ಇಂದಿನ ಕಚೇರಿಗೆ ಹೀಗೆ ಇಳಿಸಿಕೊಳ್ಳಿ: ದುಡ್ಡಿಗೆ ಸಂಬಂಧಪಟ್ಟ ಯಾವ ಒಪ್ಪಿಗೆಯೂ ನಿಮ್ಮ ಹತ್ತಿರ ಒಂದು ರಾತ್ರಿ ದಾಟಬಾರದು. ಸಂಶಯವಿದ್ದರೆ ಅದೇ ದಿನ ಏನು ಸಂಶಯ, ಯಾವತ್ತಿಗೆ ಉತ್ತರ ಎಂದು ಬರೆದು ಕಳಿಸಿ. ‘ಅಕೌಂಟ್ಸ್‌ನವರು ನೋಡಿಕೊಳ್ಳುತ್ತಾರೆ’ ಎಂದು ಕೈತೊಳೆದುಕೊಳ್ಳುವ ಮುಂಚೆ ಫೈಲು ನಿಜಕ್ಕೂ ಯಾರ ಹತ್ತಿರ ನಿಂತಿದೆ ಎಂದು ಒಮ್ಮೆ ನೋಡಿ. ಎಷ್ಟೋ ಸಲ ಅದು ನಿಮ್ಮ ಇನ್‌ಬಾಕ್ಸಿನಲ್ಲೇ ಇರುತ್ತದೆ. ದೊಡ್ಡ ಕಂಪನಿಯ ಬಿಲ್ಲು ಒಂದು ತಿಂಗಳು ಕಾದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಒಬ್ಬನೇ ದುಡಿಯುವ ಗುತ್ತಿಗೆದಾರನ ಬಿಲ್ಲು ಹಾಗಲ್ಲ. ಎರಡಕ್ಕೂ ಒಂದೇ ನಿಯಮ ಹಾಕುವುದು ಸಮಾನತೆಯಂತೆ ಕಂಡರೂ ನ್ಯಾಯವಲ್ಲ.

ಈ ಪಟ್ಟಿ ಖಾಲಿಯಾಗುವ ತನಕ ವಾಕ್ಯದ ಕಾರ್ಡು ಡ್ರಾಯರಿನಲ್ಲೇ ಇರಲಿ.

ದೂರು ಬಂದಾಗ

ಮೊದಲು ವಾದ ಹೇಳಿದವನೇ ನ್ಯಾಯವಂತನಂತೆ ಕಾಣುತ್ತಾನೆ, ಎದುರಾಳಿ ಬಂದು ಪರೀಕ್ಷಿಸುವ ತನಕ. ಜ್ಞಾನೋಕ್ತಿಗಳ (18:17) ಈ ಮಾತು ಪ್ರತಿ ಮ್ಯಾನೇಜರಿಗೂ ಬಾಯಿಪಾಠ ಆಗಿರಬೇಕು. ಯಾರಾದರೂ ಬಂದು ಇನ್ನೊಬ್ಬರ ಬಗ್ಗೆ ದೂರಿದರೆ ‘ಛೆ, ಅವರು ಹಾಗೇ’ ಎಂಬ ಅರ್ಧ ವಾಕ್ಯವನ್ನೂ ಆಡಬೇಡಿ. ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಓದಿ ಹೇಳಿ, ಸರಿಯೇ ಎಂದು ಕೇಳಿ. ಯಾವ ದಿನ, ಯಾರು ಎದುರಿಗಿದ್ದರು, ಏನು ಆಡಿದರು ಎಂಬುದು ಬೇರೆ, ಏನು ಅನ್ನಿಸಿತು ಎಂಬುದು ಬೇರೆ. ಎರಡನ್ನೂ ಬರೆಯಿರಿ, ಆದರೆ ಬೇರೆ ಬೇರೆ ಕಡೆ. ಆಮೇಲೆ ಎರಡನೆಯವರನ್ನೂ ಅಷ್ಟೇ ಹೊತ್ತು ಕೇಳಿ. ಎರಡೂ ಕಡೆ ಮುಗಿದು ಒಂದು ರಾತ್ರಿಯಾದರೂ ಕಳೆದ ಮೇಲೆ ತೀರ್ಮಾನ ಹೇಳಿ.

ಇಲ್ಲಿ ವಿಶ್ವಾಸಿಗಳು ಮತ್ತೆ ಮತ್ತೆ ಎಡವುವ ಒಂದು ಕಡೆ ಇದೆ. ಮತ್ತಾಯ 18:15–17ರಲ್ಲಿ ಯೇಸು ಹೇಳಿದ ಕ್ರಮ ಎಲ್ಲರಿಗೂ ಗೊತ್ತು: ತಪ್ಪು ಮಾಡಿದವನ ಬಳಿ ಒಬ್ಬನೇ ಹೋಗಿ ಮಾತಾಡು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ, ಅಂದರೆ ಚರ್ಚಿಗೆ, ತಿಳಿಸು. ಸರಿಸಮಾನರಾದ ಇಬ್ಬರ ನಡುವಿನ ಮನಸ್ತಾಪಕ್ಕೆ ಇದಕ್ಕಿಂತ ಒಳ್ಳೆಯ ಕ್ರಮ ಸಿಗುವುದು ಕಷ್ಟ. ಆದರೆ ಮೇಲಧಿಕಾರಿ ಕಿರುಕುಳ ಕೊಟ್ಟ ಎಂದು ದೂರು ತಂದ ಕಿರಿಯ ನೌಕರಳಿಗೆ ‘ಮೊದಲು ಅವರ ಹತ್ತಿರ ನೀವೇ ಹೋಗಿ ಮಾತಾಡಿದಿರಾ?’ ಎಂದು ಕೇಳುವುದು ಆ ವಾಕ್ಯದ ದುರುಪಯೋಗ. ದಾವೀದ ಅರಸನಾಗಿದ್ದುಕೊಂಡು ತನ್ನ ಸೈನಿಕ ಊರೀಯನ ಹೆಂಡತಿ ಬತ್ಷೆಬೆಯನ್ನು ತರಿಸಿಕೊಂಡು ಊರೀಯನನ್ನು ಕೊಲ್ಲಿಸಿದಾಗ, ಅವನ ಮುಂದೆ ನಿಲ್ಲಲು ದೇವರು ಬತ್ಷೆಬೆಯನ್ನು ಕಳಿಸಲಿಲ್ಲ. ಪ್ರವಾದಿ ನಾತಾನನನ್ನು ಕಳಿಸಿದ (2 ಸಮುವೇಲ 12). ಒಂದು ಕಡೆ ಅಧಿಕಾರ ಹೆಚ್ಚಿದ್ದಾಗ ಮೂರನೆಯವರು ಹೋಗಬೇಕು. ಲೈಂಗಿಕ ಕಿರುಕುಳ, ಹೊಡೆತ, ಬೆದರಿಕೆ, ಹಣದ ಮೋಸದ ದೂರುಗಳನ್ನು ನೀವೇ ಸಂಧಾನ ಮಾಡಿಸಲು ಹೋಗದೆ ಅದೇ ದಿನ ಸಂಸ್ಥೆಯ ದೂರು ಸಮಿತಿಗೋ ಎಚ್‌ಆರ್‌ಗೋ ಬರಹದಲ್ಲಿ ಒಪ್ಪಿಸಿ. ಆರೋಪಿ ನಿಮ್ಮ ಸಭೆಯವನೇ ಆದರೆ ನಿಮ್ಮನ್ನು ಆ ವಿಚಾರಣೆಯಿಂದ ಹೊರಗಿಡುವಂತೆ ನೀವೇ ಕೇಳಿಕೊಳ್ಳಿ.

ತಪ್ಪು ತಿದ್ದುವ ಮಾತು

ಎರಡು ದಿನದೊಳಗೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಒಂದೇ ವಿಷಯ, ಇಪ್ಪತ್ತು ನಿಮಿಷ ಮೀರದಂತೆ. ಆರು ತಿಂಗಳ ತಪ್ಪುಗಳನ್ನು ಕೂಡಿಟ್ಟು ಅಪ್ರೈಸಲ್ ದಿನ ಸುರಿಯುವವರು ಪ್ರೀತಿಯಿಂದ ತಡೆದುಕೊಂಡೆವು ಎಂದುಕೊಂಡಿರುತ್ತಾರೆ. ಅದು ಪ್ರೀತಿಯಲ್ಲ, ಮುಜುಗರ ತಪ್ಪಿಸಿಕೊಳ್ಳುವ ದಾರಿ. ಆ ಆರು ತಿಂಗಳಲ್ಲಿ ತಿದ್ದಿಕೊಳ್ಳುವ ಅವಕಾಶವನ್ನು ಅವರಿಂದ ಕಿತ್ತುಕೊಂಡಂತಾಯಿತು.

ಮಾತು ಹೇಗಿರಬೇಕು? ‘ನಿಮಗೆ ಜವಾಬ್ದಾರಿಯೇ ಇಲ್ಲ’ ಎಂದರೆ ಅದು ಮನುಷ್ಯನ ಮೇಲಿನ ತೀರ್ಪು. ಹೀಗೆ ಹೇಳಿ ನೋಡಿ: ‘ರಿಪೋರ್ಟು ಸೋಮವಾರ ಬರಬೇಕಿತ್ತು, ಬುಧವಾರ ಸಂಜೆ ಬಂತು. ತಡವಾಗುತ್ತದೆ ಅಂತ ಮಂಗಳವಾರವೂ ತಿಳಿಸಲಿಲ್ಲ. ಗ್ರಾಹಕರ ಮುಂದೆ ಕೂತವರ ಕೈಯಲ್ಲಿ ಅಂಕಿಯೇ ಇರಲಿಲ್ಲ. ಏನಾಯಿತು?’ ಇಷ್ಟು ಹೇಳಿ ಸುಮ್ಮನಾಗಿ. ಆ ಮೌನ ಕಷ್ಟವೆನಿಸಿ ಎಷ್ಟೋ ಮಂದಿ ತಾವೇ ಉತ್ತರವನ್ನೂ ಹೇಳಿಬಿಡುತ್ತಾರೆ: ‘ಕೆಲಸ ಜಾಸ್ತಿ ಇತ್ತೇನೋ, ಪರವಾಗಿಲ್ಲ, ಮುಂದೆ ನೋಡಿಕೊಳ್ಳಿ.’ ಅಲ್ಲಿಗೆ ಮಾತುಕತೆ ಕೆಟ್ಟಿತು. ಕಿವಿಗೊಡುವುದರಲ್ಲಿ ಚುರುಕು, ಮಾತಾಡುವುದರಲ್ಲಿ ನಿಧಾನ ಎಂದು ಯಾಕೋಬ ಹೇಳಿದ್ದು (1:19) ಈ ಮೂವತ್ತು ಸೆಕೆಂಡಿಗೂ ಅನ್ವಯಿಸುತ್ತದೆ.

ಮೊದಲು ಹೊಗಳಿ ಆಮೇಲೆ ತಿದ್ದಬೇಕು ಎಂಬ ಸೂತ್ರಕ್ಕೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಏಳು ಸಭೆಗಳಿಗೆ ಬರೆದ ಪತ್ರಗಳನ್ನು ಉದಾಹರಣೆ ಕೊಡುವುದುಂಟು. ಎಫೆಸದ ಸಭೆಗೆ ಬರೆದದ್ದು ಹಾಗೇ ಇದೆ: ನಿನ್ನ ಪ್ರಯಾಸ ಬಲ್ಲೆ, ತಾಳ್ಮೆ ಬಲ್ಲೆ, ಆದರೆ ನಿನ್ನ ಮೇಲೆ ಒಂದು ತಪ್ಪು ಹೊರಿಸಬೇಕಾಗಿದೆ. ಆದರೆ ಸ್ಮುರ್ನ ಮತ್ತು ಫಿಲದೆಲ್ಫಿಯದ ಸಭೆಗಳಿಗೆ ಒಂದು ಆಕ್ಷೇಪವೂ ಇಲ್ಲ, ಲವೊದಿಕೀಯಕ್ಕೆ ಒಂದು ಹೊಗಳಿಕೆಯೂ ಇಲ್ಲ. ಏಳರಲ್ಲೂ ಸಮಾನವಾಗಿರುವುದು ಬರೆಯುವಾತನಿಗೆ ಅವರ ಸ್ಥಿತಿ ವಿವರವಾಗಿ ಗೊತ್ತಿದೆ ಎಂಬುದು. ಹಾಗಾಗಿ ಸೂತ್ರಕ್ಕಾಗಿ ಹೊಗಳಿಕೆ ಹುಟ್ಟಿಸಬೇಡಿ, ನಿಜವಾಗಿ ಕಂಡದ್ದಿದ್ದರೆ ಹೇಳಿ. ಪ್ರತಿ ಸಲವೂ ಹೊಗಳಿಕೆಯ ಬೆನ್ನಿಗೆ ಗದರಿಕೆ ಬಂದರೆ, ನೀವು ಬಾಯಿ ತುಂಬ ಹೊಗಳಿದಾಗಲೂ ಜನ ಏಟಿಗಾಗಿ ಕಾಯುತ್ತಾರೆ.

ಕ್ಷಮೆಯ ವಿಷಯದಲ್ಲೂ ಗೊಂದಲ ಜಾಸ್ತಿ. ಕ್ಷಮಿಸುವುದು ಎಂದರೆ ಪರಿಣಾಮವನ್ನು ಅಳಿಸುವುದಲ್ಲ. ಲೆಕ್ಕದಲ್ಲಿ ಕೈಯಾಡಿಸಿದವನನ್ನು ಕ್ಷಮಿಸಬಹುದು, ಅವನ ಮೇಲೆ ಹಗೆ ಸಾಧಿಸದೆ ಇರಬಹುದು, ಆದರೆ ಮರುದಿನವೇ ತಿಜೋರಿಯ ಕೀಲಿ ಕೊಡಬೇಕಾಗಿಲ್ಲ. ಸುಂಕ ವಸೂಲಿಯ ಮುಖ್ಯಸ್ಥ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನ, ಅನ್ಯಾಯವಾಗಿ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ (ಲೂಕ 19:8). ತಪ್ಪಿತಸ್ಥ ನಿಜಕ್ಕೂ ತಿರುಗಿಕೊಂಡಿದ್ದಾನೋ ಎಂದು ನೋಡಲು ಅತ್ತನೇ ಎಂಬುದಕ್ಕಿಂತ ಹಿಂದಿರುಗಿಸಲು ಮುಂದಾದನೇ ಎಂಬುದು ಒಳ್ಳೆಯ ಗುರುತು. ಇನ್ನೊಂದು: ಇಬ್ಬರು ನೌಕರರ ನಡುವೆ ಕೂತು ‘ಕ್ಷಮಿಸಿಬಿಡಿ’ ಎಂದು ಒತ್ತಾಯಿಸಬೇಡಿ. ಮೇಲಿನವರು ಹೇಳಿ ಮಾಡಿಸಿದ ಕ್ಷಮೆ ಬರೀ ಆಜ್ಞಾಪಾಲನೆ.

ತಪ್ಪು ನಿಮ್ಮದಾದರೆ ಎಲ್ಲಿ ಮಾಡಿದಿರೋ ಅಲ್ಲೇ ಒಪ್ಪಿಕೊಳ್ಳಿ. ಎಂಟು ಜನರ ಮುಂದೆ ಗದರಿಸಿ, ಆಮೇಲೆ ಕಾರಿಡಾರಿನಲ್ಲಿ ಒಬ್ಬರಿಗೇ ಮೆಲ್ಲಗೆ ಸಾರಿ ಹೇಳಿದರೆ ಲೆಕ್ಕ ತೀರುವುದಿಲ್ಲ. ಅದೇ ಎಂಟು ಜನರ ಮುಂದೆ ಎರಡು ವಾಕ್ಯ ಸಾಕು: ‘ನಿನ್ನೆ ನಾನು ದನಿ ಏರಿಸಿದ್ದು ತಪ್ಪು. ವಿಷಯ ಪೂರ್ತಿ ಕೇಳದೆ ಮಾತಾಡಿದೆ.’ ‘ಆದರೆ’ ಎಂಬ ಪದ ಬಂದರೆ ಅಲ್ಲಿಗೆ ನಿಲ್ಲಿಸಿ.

ಕೆಲಸ ಹಂಚುವುದು, ಜನರನ್ನು ಆರಿಸುವುದು

ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದುದನ್ನು ನೋಡಿ ಮಾವ ಇತ್ರೋ ಹೇಳಿದ್ದು: ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ (ವಿಮೋಚನಕಾಂಡ 18). ಜನರೂ ಎಂಬುದನ್ನು ಗಮನಿಸಿ. ಎಲ್ಲವೂ ನನ್ನ ಮೂಲಕವೇ ಹೋಗಬೇಕು ಎನ್ನುವವರು ತಾವು ತ್ಯಾಗ ಮಾಡುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಹೊರಗೆ ಸಾಲಿನಲ್ಲಿ ನಿಂತವರ ಬಳಲಿಕೆ ಅವರಿಗೆ ಕಾಣುವುದಿಲ್ಲ. ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬರಂತೆ ಮುಖಂಡರು, ಸಣ್ಣ ವ್ಯಾಜ್ಯ ಅವರೇ ತೀರಿಸಲಿ, ಕಠಿಣವಾದದ್ದು ಮೋಶೆಯ ಬಳಿಗೆ ಬರಲಿ ಎಂಬುದು ಇತ್ರೋನ ಯೋಜನೆ.

ನೀವೂ ಹಾಗೆಯೇ ಎರಡು ಪಟ್ಟಿ ಬರೆದು ತಂಡಕ್ಕೆ ಕೊಡಿ: ನನ್ನನ್ನು ಕೇಳದೆ ನೀವೇ ತೀರ್ಮಾನಿಸಬಹುದಾದದ್ದು, ನನ್ನ ಬಳಿ ಬರಲೇಬೇಕಾದದ್ದು. ಖರ್ಚಿನ ಮಿತಿಯನ್ನು ಅಂಕಿಯಲ್ಲಿ ಬರೆಯಿರಿ. ಇದು ಹಾಳಾಗುವುದು ಒಂದೇ ರೀತಿಯಲ್ಲಿ. ಅವರು ತೀರ್ಮಾನ ತೆಗೆದುಕೊಳ್ಳುತ್ತಾರೆ, ನಿಮಗೆ ಅದು ಅಷ್ಟು ಹಿಡಿಸುವುದಿಲ್ಲ, ನೀವು ಬದಲಾಯಿಸುತ್ತೀರಿ. ಎರಡು ಸಲ ಹಾಗಾದರೆ ಮೂರನೆಯ ಸಲ ಅವರು ತೀರ್ಮಾನ ಮಾಡುವುದೇ ಇಲ್ಲ. ದೊಡ್ಡ ನಷ್ಟವಿಲ್ಲದಿದ್ದರೆ ನಡೆಯಲು ಬಿಡಿ, ಆಮೇಲೆ ಕೂತು ಮಾತಾಡಿ.

ಮುಖಂಡರಿಗೆ ಇತ್ರೋ ಹೇಳಿದ ಗುಣಗಳು ನಾಲ್ಕು: ಸಾಮರ್ಥ್ಯ, ದೈವಭಕ್ತಿ, ಸತ್ಯನಿಷ್ಠೆ, ಲಂಚದ ಬಗ್ಗೆ ಹೇಸಿಗೆ. ಎಲ್ಲ ಧರ್ಮದವರೂ ಇರುವ ಕಚೇರಿಯಲ್ಲಿ ಎರಡನೆಯದನ್ನು ‘ನಮ್ಮ ಸಭೆಯವನು’ ಎಂದು ಓದಿಕೊಂಡರೆ ಅನಾಹುತ. ಅದು ಪಕ್ಷಪಾತ, ಎಷ್ಟೋ ಕಡೆ ಕಾನೂನುಬಾಹಿರ ಕೂಡ. ಉಳಿದ ಮೂರನ್ನು ಕೆಲಸದ ದಾಖಲೆಯಲ್ಲೇ ನೋಡಬಹುದು. ಕೆಟ್ಟ ಸುದ್ದಿಯನ್ನು ತಾನಾಗಿಯೇ ತಂದು ಹೇಳಿದ್ದುಂಟೇ? ವೆಂಡರಿನಿಂದ ಬಂದ ಉಡುಗೊರೆಯನ್ನು ಲೆಕ್ಕಕ್ಕೆ ತಂದಿದ್ದಾರೆಯೇ?

ಪಕ್ಷಪಾತದ ದೂರು ಎದ್ದಾಗ ಆದಿಸಭೆ ಮಾಡಿದ್ದು ಇನ್ನೂ ದಿಟ್ಟ ಕೆಲಸ. ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಬಿಟ್ಟಿದ್ದೀರಿ ಎಂದು ಗ್ರೀಕ್ ಮಾತಾಡುವವರು ಗೊಣಗಿದರು. ಆ ಕೆಲಸಕ್ಕೆ ಆರಿಸಿದ ಏಳು ಮಂದಿಯ ಹೆಸರುಗಳನ್ನು ನೋಡಿದರೆ ಏಳೂ ಗ್ರೀಕ್ ಹೆಸರುಗಳು (ಅಪೊಸ್ತಲರ ಕೃತ್ಯಗಳು 6:1–6). ಶಿಫ್ಟ್ ಹಂಚಿಕೆಯಲ್ಲಿ ರಾತ್ರಿ ಪಾಳಿಯವರಿಗೆ ಅನ್ಯಾಯವಾಗುತ್ತಿದೆ ಎಂಬ ಮಾತು ಬಂದರೆ, ಮುಂದಿನ ಪಟ್ಟಿ ಮಾಡುವ ಅಧಿಕಾರವನ್ನು ರಾತ್ರಿ ಪಾಳಿಯ ಒಬ್ಬರಿಗೆ ಕೊಟ್ಟು ನೋಡಿ.

ತೀರ್ಮಾನ ಮತ್ತು ಪ್ರಾರ್ಥನೆ

ಪ್ರಾರ್ಥಿಸಿ, ಆದರೆ ‘ದೇವರು ನನಗೆ ತೋರಿಸಿದ’ ಎಂದು ಮೀಟಿಂಗಿನಲ್ಲಿ ಹೇಳಬೇಡಿ. ಆ ಮಾತಿನ ಮುಂದೆ ಕೈಕೆಳಗಿನ ಯಾರೂ ಬಾಯಿ ಬಿಡಲಾರರು. ನೆಹೆಮೀಯನನ್ನು ನೋಡಿ. ಅವನು ಪರ್ಷಿಯದ ಅರಸನಿಗೆ ಪಾನ ಕೊಡುವ ಸೇವಕ, ಹಾಳುಬಿದ್ದ ಯೆರೂಸಲೇಮನ್ನು ಮತ್ತೆ ಕಟ್ಟಬೇಕೆಂದಿದ್ದ ಯೆಹೂದಿ. ಅರಸ ಅರ್ತಷಸ್ತ ‘ನಿನಗೇನು ಬೇಕು?’ ಎಂದಾಗ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಚಿಕ್ಕ ಪ್ರಾರ್ಥನೆ ಮಾಡುತ್ತಾನೆ (2:4). ಅದರ ಹಿಂದೆ ಯೆಹೂದಿ ಪಂಚಾಂಗದ ಕಿಸ್ಲೇವ್ ತಿಂಗಳಿನಿಂದ ನೀಸಾನ್ ತಿಂಗಳಿನವರೆಗೆ ತಿಂಗಳುಗಟ್ಟಲೆಯ ಉಪವಾಸ ಪ್ರಾರ್ಥನೆ ಇದೆ. ಉತ್ತರದಲ್ಲಿ ಮಾತ್ರ ಲೆಕ್ಕಾಚಾರ: ಎಷ್ಟು ಕಾಲ ಬೇಕು, ಯಾವ ಅಧಿಕಾರಿಗಳಿಗೆ ಪತ್ರ ಬೇಕು, ಮರಮಟ್ಟು ಯಾರಿಂದ ಬೇಕು. ಯೆರೂಸಲೇಮಿಗೆ ಬಂದ ಮೇಲೂ ಯಾರಿಗೂ ಹೇಳದೆ ರಾತ್ರಿ ಕೆಲವರನ್ನಷ್ಟೇ ಕರೆದುಕೊಂಡು ಬಿದ್ದ ಗೋಡೆಯನ್ನು ಸುತ್ತಿ ನೋಡುತ್ತಾನೆ, ಭಾಷಣ ಆಮೇಲೆ. ನಿಮ್ಮ ಪ್ರಾರ್ಥನೆ ಕೋಣೆಯೊಳಗಿರಲಿ, ಮೇಜಿನ ಮೇಲೆ ಇತರರು ಪರಿಶೀಲಿಸಬಹುದಾದ ಕಾರಣಗಳಿರಲಿ.

ಮೀಟಿಂಗಿನಲ್ಲಿ ಕಿರಿಯರು ಮೊದಲು ಮಾತಾಡಲಿ, ನೀವು ಕೊನೆಗೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠದ ನಿಯಮದ ಮೂರನೆಯ ಅಧ್ಯಾಯದಲ್ಲಿ, ಮುಖ್ಯ ವಿಷಯಕ್ಕೆ ಎಲ್ಲರನ್ನೂ ಕರೆಯಬೇಕು, ಯಾಕೆಂದರೆ ಉತ್ತಮವಾದದ್ದನ್ನು ಕರ್ತನು ಎಷ್ಟೋ ಸಲ ಕಿರಿಯನಿಗೆ ತೋರಿಸುತ್ತಾನೆ ಎಂದು ಬರೆದಿಟ್ಟ. ಎಲ್ಲರ ಮಾತು ಕೇಳಿದ ಮೇಲೆ ತೀರ್ಮಾನ ಮಠಾಧಿಪತಿಯದೇ. ಮೆಚ್ಚಿದವರ ಮಾತನ್ನಷ್ಟೇ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಸೊಲೊಮೋನನ ಮಗ ಅರಸ ರೆಹಬ್ಬಾಮನಿದ್ದಾನೆ: ನೊಗ ಹಗುರ ಮಾಡು ಎಂದು ಜನ ಕೇಳಿದಾಗ ಮೂರು ದಿನ ತೆಗೆದುಕೊಂಡ, ಹಿರಿಯರನ್ನೂ ಕೇಳಿದ, ಕೊನೆಗೆ ಜೊತೆಯಲ್ಲಿ ಬೆಳೆದ ಗೆಳೆಯರ ಮಾತಿನಂತೆ ನೊಗ ಭಾರ ಮಾಡುತ್ತೇನೆ ಎಂದ, ಹತ್ತು ಕುಲಗಳು ಕೈಬಿಟ್ಟವು (1 ಅರಸುಗಳು 12).

ದಿನದ ಕೊನೆಗೆ ಹತ್ತು ನಿಮಿಷ ಹಿಂದಿರುಗಿ ನೋಡಲು ಹದಿನಾರನೆಯ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಐದು ಹೆಜ್ಜೆಗಳು ಸಾಕು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಪರಿಶೀಲನೆ, ಕ್ಷಮೆಯಾಚನೆ, ನಾಳೆಯ ಸಂಕಲ್ಪ. ಪರಿಶೀಲನೆಯಲ್ಲಿ ಕೆಲಸಗಳನ್ನಲ್ಲ, ಮುಖಗಳನ್ನು ನೆನೆಯಿರಿ. ಇವತ್ತು ಯಾರ ಮಾತನ್ನು ಅರ್ಧಕ್ಕೆ ತುಂಡರಿಸಿದೆ?

ಸುಳ್ಳು ಹೇಳಲು ಹೇಳಿದರೆ

ಚೀಲದಲ್ಲಿ ಒಂದು ದೊಡ್ಡ ತೂಕದ ಕಲ್ಲು, ಒಂದು ಚಿಕ್ಕದು ಇಟ್ಟುಕೊಳ್ಳಬಾರದು ಎಂಬುದು ಮೋಶೆಯ ಧರ್ಮಶಾಸ್ತ್ರ (ಧರ್ಮೋಪದೇಶಕಾಂಡ 25:13). ಗ್ರಾಹಕರಿಗೊಂದು ಗಡುವು ತಂಡಕ್ಕೊಂದು, ಆಡಳಿತಕ್ಕೊಂದು ವರದಿ ಆಡಿಟರಿಗೊಂದು: ಇವೇ ಆ ಎರಡು ಕಲ್ಲುಗಳು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ವ್ಯಾಪಾರಿಗಳು ಚೌಕಾಸಿ ಬಿಟ್ಟು ಎಲ್ಲರಿಗೂ ಒಂದೇ ಬೆಲೆ ಹೇಳತೊಡಗಿದ್ದು ಸತ್ಯ ನುಡಿಯಬೇಕೆಂಬ ವಿಶ್ವಾಸದಿಂದ. ಕೇಳುವುದೊಂದು ಒಪ್ಪುವುದೊಂದು ಆದರೆ ಮೊದಲು ಹೇಳಿದ ಬೆಲೆ ಸುಳ್ಳು ಎಂದು ಅವರು ಎಣಿಸಿದರು. ಮಗು ಬಂದು ಕೊಂಡರೂ ಅದೇ ಬೆಲೆ ಎಂಬ ಭರವಸೆಯಿಂದ ಗಿರಾಕಿಗಳೂ ಬಂದರು.

ಮೇಲಿನಿಂದ ಒತ್ತಡ ಬಂದಾಗ ದಾನಿಯೇಲನ ಮೊದಲ ಅಧ್ಯಾಯವನ್ನು ಕ್ರಮವಾಗಿ ಓದಿ. ಸೆರೆಯಾಗಿ ಬಾಬೆಲಿಗೆ ಹೋದ ಯೆಹೂದಿ ಯುವಕ ಅವನು. ಬಾಬೆಲಿನ ಹೆಸರಿಟ್ಟರು, ಸುಮ್ಮನಿದ್ದ. ಅವರ ಭಾಷೆ, ಸಾಹಿತ್ಯ ಕಲಿಸಿದರು, ಕಲಿತ. ಅರಸನ ಊಟ ತಿನ್ನುವ ಮಾತು ಬಂದಾಗ ಮಾತ್ರ ಆಗದು ಎಂದು ನಿಂತ. ಅಲ್ಲೂ ತಟ್ಟೆ ತಳ್ಳಲಿಲ್ಲ, ವಿನಯದಿಂದ ಕೇಳಿಕೊಂಡ. ಮೇಲಧಿಕಾರಿ ತನ್ನ ತಲೆ ಹೋಗುತ್ತದೆಂದು ಹೆದರಿದಾಗ ಕೆಳಗಿನ ವಿಚಾರಕನ ಮುಂದೆ ಹತ್ತು ದಿನದ ಪರೀಕ್ಷೆಯೊಂದನ್ನು ಇಟ್ಟ. ನಿಮಗೂ ಇದೇ ದಾರಿ. ಏನು ಮಾಡಬೇಕು ಎಂಬುದನ್ನು ಬರಹದಲ್ಲಿ ಕೇಳಿ. ಅರ್ಧದಷ್ಟು ಒತ್ತಡ ಅಲ್ಲೇ ಕರಗುತ್ತದೆ, ಬರೆದುಕೊಡಲು ಯಾರಿಗೂ ಧೈರ್ಯವಿರುವುದಿಲ್ಲ. ಆಗಲ್ಲ ಎನ್ನುವ ಜೊತೆಗೆ ಆಗುವುದೇನು ಎಂದೂ ಹೇಳಿ: ‘ಕೆಲಸ ಮುಗಿದಿದೆ ಅಂತ ಬರೆಯಲಾರೆ. ನೂರಕ್ಕೆ 70 ಭಾಗ ಮುಗಿದಿದೆ, ಉಳಿದದ್ದು ಈ ದಿನಾಂಕಕ್ಕೆ ಅಂತ ನಾನೇ ಗ್ರಾಹಕರ ಹತ್ತಿರ ಮಾತಾಡುತ್ತೇನೆ.’ ಇದಕ್ಕೂ ಒಪ್ಪದಿದ್ದರೆ ಬೆಲೆ ತೆರಬೇಕಾಗಬಹುದು. ಆ ಬೆಲೆಯನ್ನು ನೀವು ತೆರಿ, ಕೈಕೆಳಗಿನವರ ಹೆಗಲಿಗೆ ಜಾರಿಸಬೇಡಿ.

ವಿಶ್ರಾಂತಿ, ಮತ್ತು ನಿಮ್ಮ ವಿಶ್ವಾಸವಿಲ್ಲದವರು

ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನದ ಆಜ್ಞೆ ಬಿಡುವು ಕೊಡುವುದು ಯಜಮಾನನಿಗೆ ಮಾತ್ರವಲ್ಲ. ನಿನ್ನ ಹಾಗೆ ನಿನ್ನ ದಾಸದಾಸಿಯರೂ ದಣಿವಾರಿಸಿಕೊಳ್ಳಬೇಕು ಎಂದಿದೆ (ಧರ್ಮೋಪದೇಶಕಾಂಡ 5:14). ಭಾನುವಾರ ನೀವು ಆರಾಧನೆಗೆ ಹೋಗಿ, ತಂಡದವರನ್ನು ಸೋಮವಾರದ ಪ್ರೆಸೆಂಟೇಶನ್ನಿಗೆ ಕೂರಿಸಿದರೆ ಆಜ್ಞೆಯ ಅರ್ಧ ಮುರಿದಂತೆ. ರಾತ್ರಿ ಹೊಳೆದದ್ದನ್ನು ರಾತ್ರಿಯೇ ಬರೆಯಿರಿ, ಆದರೆ ಬೆಳಿಗ್ಗೆ ಹೋಗುವಂತೆ ಸಮಯ ಹಾಕಿಡಿ. ಕ್ರೈಸ್ತ ಸಂಸ್ಥೆಗಳಲ್ಲಿ ಇನ್ನೊಂದು ರೋಗವಿದೆ. ‘ಇದು ಸೇವೆ’ ಎಂದು ಹೇಳಿ ಸಂಬಳವಿಲ್ಲದ ಗಂಟೆಗಳನ್ನು ಕೇಳುವುದು. ಸೇವೆ ಮಾಡುವವರು ತಾವಾಗಿ ಕೊಡಬೇಕಾದದ್ದನ್ನು ಮೇಲಿನವರು ವಸೂಲಿ ಮಾಡಿದರೆ ಅದು ಯಾಕೋಬ ಹೇಳಿದ ಹಿಡಿದಿಟ್ಟ ಕೂಲಿಯೇ.

ಕೈಕೆಳಗಿನವರನ್ನು ಪ್ರಾರ್ಥನಾ ಕೂಟಕ್ಕೆ ಕರೆಯಬೇಡಿ. ನೀವು ಸಹಜವಾಗಿ ಕರೆದರೂ ರೇಟಿಂಗ್ ಬರೆಯುವ ಕೈಯಿಂದ ಬಂದ ಕರೆ ಅವರಿಗೆ ಸಹಜವಾಗಿ ಕೇಳಿಸುವುದಿಲ್ಲ. ಯಾರಾದರೂ ತಾವಾಗಿ ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದರೆ ಸಾತ್ವಿಕತೆಯಿಂದ, ಗೌರವದಿಂದ ಉತ್ತರ ಹೇಳಿ (1 ಪೇತ್ರ 3:15), ಎರಡು ನಿಮಿಷದಲ್ಲಿ ಮುಗಿಸಿ. ಮುಂದುವರಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ವರ್ಷಕ್ಕೊಮ್ಮೆ ರೇಟಿಂಗ್ ಪಟ್ಟಿ ತೆಗೆದು, ನಿಮ್ಮ ಸಭೆಯವರು, ನಿಮ್ಮ ಊರಿನವರು, ನಿಮ್ಮ ಜೊತೆ ಊಟ ಮಾಡುವವರು ಮೇಲೆ ತೇಲಿದ್ದಾರೆಯೇ ನೋಡಿ. ಇದೇ ತಪ್ಪನ್ನು ಪಟ್ಟಿಯ ಕೆಳಗಿರುವವರು ಮಾಡಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?

ಕೆಲಸದಿಂದ ತೆಗೆಯಬೇಕಾದಾಗ

ಬೆದರಿಸುವುದನ್ನು ಬಿಡಿರಿ ಎಂದು ಪೌಲ ಯಜಮಾನರಿಗೆ ಬರೆಯುತ್ತಾನೆ (ಎಫೆಸದವರಿಗೆ 6:9). ಹಾಗಾಗಿ ‘ಹೀಗೇ ಆದರೆ ಮನೆಗೆ ಹೋಗಬೇಕಾಗುತ್ತದೆ’ ಎಂದು ತಿಂಗಳುಗಟ್ಟಲೆ ತೂಗುಗತ್ತಿ ಇಡಬೇಡಿ. ಏನು ಸುಧಾರಿಸಬೇಕು, ಯಾವ ದಿನಾಂಕದೊಳಗೆ, ಯಾವ ಅಳತೆ ಎಂದು ಒಮ್ಮೆ ಬರೆದುಕೊಡಿ, ನಡುವೆ ವಾರಕ್ಕೊಮ್ಮೆ ಕೂತು ನೋಡಿ. ಆಗಲಿಲ್ಲ ಎಂದಾದರೆ ಸುದ್ದಿಯನ್ನು ನೀವೇ, ಎದುರು ಕೂತು, ಮೊದಲ ಎರಡು ವಾಕ್ಯಗಳಲ್ಲೇ ಹೇಳಿ. ‘ದೇವರ ಚಿತ್ತ ಬೇರೆ ಇದೆ’ ಎಂದು ನಿಮ್ಮ ತೀರ್ಮಾನವನ್ನು ದೇವರ ತಲೆಗೆ ಕಟ್ಟಬೇಡಿ. ಬಾಕಿ ಸಂಬಳ, ರಜೆಯ ಹಣ, ಅನುಭವ ಪತ್ರ ಯಾವ ದಿನ ಸಿಗುತ್ತದೆ ಎಂಬ ಹಾಳೆಯನ್ನು ಅಂದೇ ಅವರ ಕೈಗೆ ಕೊಡಿ. ಲ್ಯಾಪ್‌ಟಾಪಿನಲ್ಲಿರುವ ಸ್ವಂತ ಫೋಟೊ, ಫೋನ್ ನಂಬರುಗಳನ್ನು ತೆಗೆದುಕೊಳ್ಳಲು ಸಮಯ ಕೊಡಿ. ಸಂಸ್ಥೆಯ ನಿಯಮ ಯಾರಾದರೂ ಪಕ್ಕದಲ್ಲಿರಬೇಕು ಎನ್ನುವುದಾದರೆ ಅಲ್ಲಿ ಕೂರುವವರು ನೀವಾಗಿರಿ. ಎರಡು ವಾರದ ಮೇಲೆ ಆ ಹಾಳೆಯಲ್ಲಿ ಬರೆದ ಹಣ ನಿಜಕ್ಕೂ ಅವರ ಖಾತೆಗೆ ಬಂತೇ ಎಂದು ಫೋನ್ ಮಾಡಿ ಕೇಳಿ. ಬಂದಿರದಿದ್ದರೆ ಅಕೌಂಟ್ಸಿಗೆ ಹೋಗಿ ನಿಲ್ಲಬೇಕಾದವರೂ ನೀವೇ.